ಅನಿಮೇಷನ್ ಚಿತ್ರಗಳ ಬಣ್ಣಕ್ಕೆ ನ್ಯಾಯ ಸಲ್ಲಿಸುವ ಪರದೆ: ಒಂದು ಓಎಲ್‌ಇಡಿ ಟಿ.ವಿ.ಯ ವಿಮರ್ಶೆ

ಆರು ತಿಂಗಳ ಹಿಂದೆ ಮನೆಗೆ ತಂದ 55 ಇಂಚಿನ ಓಎಲ್‌ಇಡಿ ಟಿ.ವಿ.ಯೊಂದನ್ನು ನಾನು ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪರೀಕ್ಷಿಸುತ್ತ ಬಂದಿದ್ದೇನೆ. ಅನಿಮೇಷನ್ ಚಿತ್ರವನ್ನು ಮಾಡಿದವರು ಬಣ್ಣದಿಂದಲೂ ಬೆಳಕಿನಿಂದಲೂ ನೋಡುವವರ ಮನಸ್ಸಿನಲ್ಲಿ ಮೂಡಿಸಬೇಕೆಂದುಕೊಂಡ ಭಾವ ಈ ಪರದೆಯ ಮೂಲಕ ಕೆಡದೆ ನಮ್ಮನ್ನು ತಲುಪುತ್ತದೆಯೇ ಎಂಬುದು ಆ ಪ್ರಶ್ನೆ. ಸುದ್ದಿ, ಕ್ರೀಡೆ, ವಿಡಿಯೊ ಗೇಮ್‌ಗಳಿಗೆ ಇದು ಹೇಗಿದೆ ಎಂಬುದನ್ನು ಇಲ್ಲಿ ಚರ್ಚಿಸುವುದಿಲ್ಲ. ತಯಾರಕರ ಹೆಸರನ್ನೂ ಬರೆಯುತ್ತಿಲ್ಲ. ಏಕೆಂದರೆ ಮುಂದೆ ಹೇಳುವ ಗುಣದೋಷಗಳಲ್ಲಿ ಬಹುಪಾಲು ಈ ವರ್ಗದ ಟಿ.ವಿ.ಗಳೆಲ್ಲಕ್ಕೂ ಹೆಚ್ಚುಕಡಿಮೆ ಅನ್ವಯಿಸುತ್ತವೆ.

ಪರೀಕ್ಷೆಗೆ ಅನಿಮೇಷನ್ ಚಿತ್ರಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಟರನ್ನು ನಿಲ್ಲಿಸಿ ಚಿತ್ರೀಕರಿಸುವ ಸಿನಿಮಾದಲ್ಲಿ ಛಾಯಾಗ್ರಾಹಕ ಎಷ್ಟೇ ಯೋಜಿಸಿದರೂ ಸೂರ್ಯ, ಮೋಡ, ಹಳೆಯ ಗೋಡೆಯ ಕಲೆ ಮುಂತಾದವು ತಮ್ಮ ಪಾಡಿಗೆ ಒಂದಿಷ್ಟು ಬಣ್ಣವನ್ನು ಚೌಕಟ್ಟಿನೊಳಗೆ ತಂದುಬಿಡುತ್ತವೆ. ಅನಿಮೇಷನ್‌ನಲ್ಲಿ ಹಾಗೆ ಬಿಟ್ಟಿಯಾಗಿ ಸಿಗುವ ಬೆಳಕು ಒಂದು ಕಿರಣದಷ್ಟೂ ಇಲ್ಲ. ಕಿಟಕಿಯಿಂದ ಬೀಳುವ ಇಳಿಬಿಸಿಲನ್ನು ಯಾರೋ ಒಬ್ಬರು ಕೂತು ಬಿಡಿಸಿರುತ್ತಾರೆ, ಇಲ್ಲವೇ ಕಂಪ್ಯೂಟರಿನಲ್ಲಿ ದೀಪವಿಟ್ಟು ಅದರ ಬಣ್ಣವನ್ನು ನಿರ್ಧರಿಸಿರುತ್ತಾರೆ. ಮೇಜಿನ ಕೆಳಗಿನ ನೆರಳು ಬೂದುಬಣ್ಣದ್ದೋ ನೇರಳೆಯದೋ ಎಂಬುದಕ್ಕೂ ಒಂದು ತೀರ್ಮಾನ ಇದ್ದೇ ಇರುತ್ತದೆ. ಈ ತೀರ್ಮಾನಗಳನ್ನು ಬಿಡಿಬಿಡಿಯಾಗಿ ಕೈಗೊಳ್ಳುವುದೂ ಇಲ್ಲ. ಚಿತ್ರದ ಕಥೆ ಮೊದಲಿಂದ ಕೊನೆಯವರೆಗೆ ಯಾವ ಬಣ್ಣಗಳಲ್ಲಿ ಸಾಗಬೇಕು ಎಂಬುದನ್ನು ಪುಟ್ಟ ಪುಟ್ಟ ವರ್ಣಚಿತ್ರಗಳ ಸಾಲಾಗಿ ಬಿಡಿಸಿ ಗೋಡೆಗೆ ಅಂಟಿಸಿಕೊಳ್ಳುವ ಪದ್ಧತಿಯಿದೆ. ಅದನ್ನು ಕಲರ್ ಸ್ಕ್ರಿಪ್ಟ್ ಎನ್ನುತ್ತಾರೆ. ಪಿಕ್ಸಾರ್ ಎಂಬ ಅನಿಮೇಷನ್ ಸಂಸ್ಥೆಯಲ್ಲಿ ರಾಲ್ಫ್ ಎಗಲ್‌ಸ್ಟನ್, ಲೂ ರೊಮಾನೊ ಅವರಂಥ ಕಲಾವಿದರು ಬಿಡಿಸಿದ ಇಂಥ ಸಾಲುಗಳನ್ನು ದೂರದಿಂದ ನೋಡಿದರೆ ಪಾತ್ರಗಳು ಯಾರೆಂದು ತಿಳಿಯದಿದ್ದರೂ ಕಥೆ ಎಲ್ಲಿ ಅರಳುತ್ತದೆ, ಎಲ್ಲಿ ಬಾಡುತ್ತದೆ ಎಂಬುದು ಗೊತ್ತಾಗುತ್ತದೆ. ಇಷ್ಟು ಎಚ್ಚರದಿಂದ ಕಟ್ಟಿದ ಬಣ್ಣದ ನಡೆಯನ್ನು ಒಂದು ಪರದೆ ಉಳಿಸಿಕೊಡುತ್ತದೆಯೋ ಕೆಡಿಸುತ್ತದೆಯೋ ಎಂಬುದೇ ನನ್ನ ಮಟ್ಟಿಗೆ ಆ ಪರದೆಯ ಯೋಗ್ಯತೆಯ ಅಳತೆ.

ಪೆಟ್ಟಿಗೆಯಿಂದ ತೆಗೆದು ಗೋಡೆಗೆ ತೂಗುಹಾಕಿದ ದಿನ ಈ ಟಿ.ವಿ. ಆ ಅಳತೆಯಲ್ಲಿ ಪೂರ್ತಿ ಸೋತಿತು. ಕಾರ್ಖಾನೆಯಿಂದ ಬರುವಾಗಲೇ ಅದು ವಿವಿಡ್ ಎಂಬ ಪಿಕ್ಚರ್ ಮೋಡ್‌ನಲ್ಲಿತ್ತು. ಸಾಲಾಗಿ ಹತ್ತಾರು ಪರದೆಗಳು ಉರಿಯುವ ಮಳಿಗೆಯಲ್ಲಿ ಗಿರಾಕಿಯ ಕಣ್ಣು ಸೆಳೆಯುವುದಕ್ಕೆಂದೇ ಮಾಡಿದ ಏರ್ಪಾಡು ಅದು: ಬಣ್ಣಗಳ ಗಾಢತೆಯನ್ನು ಏರಿಸುತ್ತದೆ, ಬಿಳಿಯನ್ನು ನೀಲಿಯ ಕಡೆಗೆ ಎಳೆಯುತ್ತದೆ, ಅಂಚುಗಳನ್ನು ಚೂಪಾಗಿಸುತ್ತದೆ, ಚಲನೆಯನ್ನು ನುಣ್ಣಗೆ ಮಾಡುತ್ತದೆ. ಮೊದಲ ಹತ್ತು ನಿಮಿಷ ಎಲ್ಲವೂ ಬೆರಗು ಹುಟ್ಟಿಸಿದ್ದು ನಿಜ. ಅರ್ಧ ಗಂಟೆ ಕಳೆಯುವ ಹೊತ್ತಿಗೆ ಬಣ್ಣಗಳು ಕಣ್ಣಿಗೆ ರಾಚತೊಡಗಿದವು. ಅದಕ್ಕಿಂತ ಮುಖ್ಯವಾಗಿ, ಚಿತ್ರದಲ್ಲಿ ಆಗಬೇಕಾದದ್ದು ಏನೋ ಆಗುತ್ತಿಲ್ಲ ಎಂಬ ಕೊರತೆ ಕಾಡತೊಡಗಿತು.

ಆ ಕೊರತೆ ಏನೆಂಬುದು ಸ್ಪಷ್ಟವಾದದ್ದು 2009ರ ‘ಅಪ್’ ಚಿತ್ರವನ್ನು ಎರಡು ಬಾರಿ, ಎರಡು ಬಗೆಯಲ್ಲಿ ನೋಡಿದಾಗ. ಕಾರ್ಲ್ ಮತ್ತು ಎಲೀ ದಂಪತಿಯ ಇಡೀ ಬಾಳನ್ನು ಮಾತಿಲ್ಲದೆ ಕೆಲವೇ ನಿಮಿಷಗಳಲ್ಲಿ ಹೇಳುವ ಭಾಗ ಆ ಚಿತ್ರದಲ್ಲಿದೆ. ಎಲೀ ಇರುವಷ್ಟು ಕಾಲ ಬೆಚ್ಚನೆಯ ಬಣ್ಣಗಳು ಮನೆ ತುಂಬಿರುತ್ತವೆ. ಅವಳು ಹೋದ ಮೇಲೆ ಕಾರ್ಲ್ ಒಂದು ಬಲೂನು ಹಿಡಿದು ಒಬ್ಬನೇ ಮನೆಯೊಳಗೆ ನಡೆಯುವ ಹೊತ್ತಿಗೆ ಆ ಬಣ್ಣಗಳೆಲ್ಲ ಹಿಂಗಿಹೋಗಿರುತ್ತವೆ. ಅದರ ನಂತರದ ಬೆಳಗುಗಳಲ್ಲಿ ಮನೆ ಅದೇ, ಕುರ್ಚಿಗಳೂ ಅವೇ, ಆದರೆ ಕಳೆ ಇಲ್ಲ. ವಿವಿಡ್ ಮೋಡ್‌ನಲ್ಲಿ ನೋಡಿದಾಗ ಈ ಮಂಕುತನವನ್ನು ಟಿ.ವಿ. ತಾನೇ ಒಂದು ದೋಷವೆಂದು ತಿಳಿದು ತಿದ್ದಿಬಿಟ್ಟಿತ್ತು. ಬೂದುಬಣ್ಣದ ಗೋಡೆಗೆ ನೀಲಿಯ ಹೊಳಪು ಬಂದಿತ್ತು, ಮುದುಕನ ಕೆನ್ನೆ ಕೆಂಪೇರಿತ್ತು. ಮುಂದೆ ಮನೆ ಸಾವಿರಾರು ಬಲೂನುಗಳನ್ನು ಕಟ್ಟಿಕೊಂಡು ಮೇಲೇಳುವಾಗ ಒಂದು ಕ್ಷಣದ ದೃಶ್ಯವಿದೆ: ಕೋಣೆಯಲ್ಲಿ ಆಡುತ್ತಿರುವ ಪುಟ್ಟ ಹುಡುಗಿಯೊಬ್ಬಳ ಕಿಟಕಿಯ ಹೊರಗೆ ಬಲೂನುಗಳು ತೇಲಿಹೋಗುತ್ತವೆ, ಅವುಗಳನ್ನು ಹಾದುಬಂದ ಬಿಸಿಲು ಕೋಣೆಯ ಗೋಡೆಯ ಮೇಲೆಲ್ಲ ಬಣ್ಣ ಬಣ್ಣವಾಗಿ ಹರಿದಾಡುತ್ತದೆ. ಆಗ ನಮ್ಮ ಜೊತೆ ಕೂತು ನೋಡುತ್ತಿದ್ದ ಅಕ್ಕನ ಮಗಳು ಮೊದಲ ಬಾರಿ ಅದನ್ನು ಗಮನಿಸಲೇ ಇಲ್ಲ. ಮೋಡ್ ಬದಲಿಸಿ ಕೆಲವು ವಾರಗಳ ನಂತರ ಮತ್ತೆ ನೋಡಿದಾಗ ಅವಳೇ ಕೈ ತೋರಿಸಿ, “ಮಾಮ, ಗೋಡೆ ನೋಡು” ಎಂದಳು. ಮೊದಲಿನಿಂದಲೂ ಎಲ್ಲವೂ ಹೊಳೆಯುತ್ತಿದ್ದರೆ ಬಲೂನುಗಳು ಬಂದಾಗ ಹೊಸದಾಗಿ ಕೊಡುವುದಕ್ಕೆ ಏನೂ ಉಳಿದಿರುವುದಿಲ್ಲ. ಬಣ್ಣದ ಶಕ್ತಿ ಅದಕ್ಕಿಂತ ಮುಂಚೆ ನಾವು ಏನು ನೋಡಿದ್ದೆವು ಎಂಬುದರ ಮೇಲೆ ನಿಂತಿರುತ್ತದೆ. ಆ ಮುಂಚಿನ ಬಡತನವನ್ನು ಅಳಿಸಿಹಾಕುವ ಪರದೆ ಅನಂತರದ ಸಿರಿಯನ್ನೂ ಕಸಿದುಕೊಳ್ಳುತ್ತದೆ.

ನಾನು ಬದಲಿಸಿಕೊಂಡ ಮೋಡ್‌ನ ಹೆಸರು ಫಿಲ್ಮ್‌ಮೇಕರ್ ಮೋಡ್. ಟಿ.ವಿ. ತಯಾರಕರು, ಚಿತ್ರನಿರ್ಮಾಣ ಸಂಸ್ಥೆಗಳು ಸದಸ್ಯರಾಗಿರುವ ಯುಎಚ್‌ಡಿ ಅಲಯನ್ಸ್ ಎಂಬ ಒಕ್ಕೂಟ 2019ರಲ್ಲಿ ಇದನ್ನು ಪ್ರಕಟಿಸಿತು. ಇದು ಟಿ.ವಿ.ಯ ಸ್ವಂತ ತಿದ್ದುಪಡಿಗಳನ್ನೆಲ್ಲ ನಿಲ್ಲಿಸಿ, ಚಿತ್ರವನ್ನು ಅದರ ಮೂಲ ವೇಗದಲ್ಲಿ, ಮೂಲ ಅಗಲ-ಎತ್ತರದಲ್ಲಿ, ಡಿ65 ಎಂಬ ಬಿಳಿಯ ಮಾನದಂಡದಲ್ಲಿ ತೋರಿಸುತ್ತದೆ. ಡಿ65 ಎಂದರೆ ಸುಮಾರು 6500 ಕೆಲ್ವಿನ್‌ನ ಬಿಳಿ, ಹೆಚ್ಚುಕಡಿಮೆ ಹಗಲಿನ ಬೆಳಕಿನ ಬಿಳಿ. ಸ್ಟುಡಿಯೊದಲ್ಲಿ ಮನೆಯ ಆವೃತ್ತಿಗೆ ಬಣ್ಣ ಹೊಂದಿಸುವವರ ಪರದೆಯೂ ಇದೇ ಬಿಳಿಗೆ ಹೊಂದಿಕೊಂಡಿರುತ್ತದೆ. ವಿವಿಡ್ ಮೋಡ್‌ನ ಬಿಳಿ ಇದಕ್ಕಿಂತ ಬಹಳ ನೀಲಿ. ಆದ್ದರಿಂದ ಮೋಡ್ ಬದಲಿಸಿದ ಮೊದಲ ಎರಡು ದಿನ ಇಡೀ ಪರದೆ ಹಳದಿ ಬಳಿದಂತೆ ಕಾಣುತ್ತದೆ. ಅನೇಕರು ಅಲ್ಲಿಗೇ ಕೈಬಿಟ್ಟು ಹಿಂದಿರುಗುತ್ತಾರೆ. ಕಣ್ಣು ಹೊಂದಿಕೊಳ್ಳುವುದಕ್ಕೆ ಎರಡು ಮೂರು ದಿನಗಳ ಅವಕಾಶ ಕೊಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ನನ್ನ ಕಣ್ಣಿಗೆ ಮೂರನೆಯ ಸಂಜೆ ಆ ಹಳದಿ ಕಾಣದಾಯಿತು, ಹಳೆಯ ಮೋಡ್‌ಗೆ ಒಮ್ಮೆ ಹೋಗಿ ನೋಡಿದರೆ ಹಿಮದಲ್ಲಿ ಅದ್ದಿದಂತಿದ್ದ ಮುಖಗಳೇ ಅಸಹಜವೆನಿಸಿದವು.

ಇನ್ನು ಈ ಟಿ.ವಿ.ಯ ನಿಜವಾದ ಬಲಕ್ಕೆ ಬರುತ್ತೇನೆ, ಅದು ಕತ್ತಲು. ಎಲ್‌ಸಿಡಿ ಪರದೆಯಲ್ಲಿ ಚಿತ್ರದ ಹಿಂದೆ ಬೇರೆಯೇ ದೀಪವಿರುತ್ತದೆ. ಕಪ್ಪು ತೋರಿಸಬೇಕಾದಲ್ಲಿಯೂ ಆ ದೀಪದ ಬೆಳಕು ಒಂದಿಷ್ಟು ಸೋರುತ್ತದೆ. ದೀಪಗಳನ್ನು ಭಾಗ ಮಾಡಿ ಆರಿಸುವ ಒಳ್ಳೆಯ ಎಲ್‌ಸಿಡಿಗಳಲ್ಲಿಯೂ ಕಪ್ಪಿನ ನಡುವೆ ಹೊಳೆಯುವ ಸಣ್ಣ ವಸ್ತುವಿನ ಸುತ್ತ ಮಬ್ಬು ಪ್ರಭೆಯೊಂದು ಹರಡಿಕೊಳ್ಳುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ, ಬೇಡವಾದಾಗ ಪೂರ್ತಿ ಆರುತ್ತದೆ. ಓದುವಾಗ ಇದು ಬರಿಯ ತಾಂತ್ರಿಕ ವಿವರ ಎನ್ನಿಸಬಹುದು. 2015ರ ‘ಇನ್‌ಸೈಡ್ ಔಟ್’ ಚಿತ್ರದಲ್ಲಿ ಹುಡುಗಿಯೊಬ್ಬಳ ಮನಸ್ಸಿನೊಳಗಿನ ಸಂತೋಷವೇ ಪಾತ್ರವಾಗಿ ಬಂದಿರುವ ಜಾಯ್ ಮರೆವಿನ ಕಂದರಕ್ಕೆ ಬೀಳುವ ದೃಶ್ಯವನ್ನು ಇದರಲ್ಲಿ ನೋಡಿದಾಗ ಅದರ ಅರ್ಥ ತಿಳಿಯಿತು.

ಆ ಚಿತ್ರದಲ್ಲಿ ಜಾಯ್ ಎಂಬ ಪಾತ್ರವೇ ಒಂದು ದೀಪ. ಅವಳ ಮೈಯ ಅಂಚಿನಲ್ಲಿ ಬೆಳಕಿನ ಸಣ್ಣ ಕಣಗಳು ಏಳುತ್ತಿರುತ್ತವೆ, ಅವಳು ಹೋದಲ್ಲೆಲ್ಲ ಅಕ್ಕಪಕ್ಕದ ವಸ್ತುಗಳ ಮೇಲೆ ಅವಳ ಬೆಳಕು ಬೀಳುತ್ತದೆ. ಚಿತ್ರದ ಬಹುಭಾಗದಲ್ಲಿ ಸುತ್ತಲೂ ಬೆಳಕೇ ಇರುವುದರಿಂದ ಇದು ನಮ್ಮ ಗಮನಕ್ಕೆ ಬರುವುದಿಲ್ಲ. ಕಂದರದಲ್ಲಿ ಮಾತ್ರ ಮರೆತುಹೋದ ನೆನಪಿನ ಗೋಲಗಳು ಬಣ್ಣ ಕಳೆದುಕೊಂಡು ಬೂದಿಯಾಗುತ್ತ ರಾಶಿ ಬಿದ್ದಿರುತ್ತವೆ, ಆ ರಾಶಿಯ ಮೇಲೆ ಬೆಳಕೆಂದರೆ ಬಹುಮಟ್ಟಿಗೆ ಇವಳೊಬ್ಬಳೇ. ಅಲ್ಲಿ ಅವಳು ಹೊನ್ನಬಣ್ಣದ ಒಂದು ಗೋಲವನ್ನು ಕೈಗೆತ್ತಿಕೊಂಡು ಅಳುತ್ತಾಳೆ; ಕಣ್ಣೀರು ಅದರ ಮೇಲೆ ಬೀಳುತ್ತದೆ; ಒರೆಸಲು ಹೋದಾಗ ನೆನಪು ಹಿಂದಕ್ಕೆ ಓಡಿ ಹೊನ್ನು ನೀಲಿಯಾಗುತ್ತದೆ. ಗೆಳತಿಯರು ಎತ್ತಿ ಕುಣಿಸಿದ ಆ ಸಂತೋಷದ ಗಳಿಗೆ, ಅದಕ್ಕೆ ಸ್ವಲ್ಪ ಮುಂಚೆ, ಸೋತು ಕೂತ ದುಃಖದ ಗಳಿಗೆಯಾಗಿತ್ತು ಎಂಬುದನ್ನು ಅವಳು ಅರಿಯುತ್ತಾಳೆ. ಇಡೀ ಚಿತ್ರದ ತಿರುವು ಮಾತಿಗಿಂತ ಮೊದಲೇ ಒಂದು ಅಂಗೈಯೊಳಗೆ ಹಳದಿಯಿಂದ ನೀಲಿಗೆ ಹೋಗುವ ಬಣ್ಣದಲ್ಲಿ ನಡೆದುಹೋಗುತ್ತದೆ. ನನ್ನ ಹಳೆಯ ಎಲ್‌ಸಿಡಿಯಲ್ಲಿ ಈ ದೃಶ್ಯದ ಕತ್ತಲು ಮಾಸಿದ ಬೂದುಬಣ್ಣವಾಗಿತ್ತು, ಜಾಯ್‌ಳ ಬೆಳಕು ಆ ಬೂದಿನಲ್ಲಿ ಅರ್ಧ ಕರಗಿತ್ತು. ಇಲ್ಲಿ ಸುತ್ತಲಿನ ಗೋಲಗಳ ಮೇಲೆ ಅವಳ ಬೆಳಕು ಎಷ್ಟು ದೂರ ಹೋಗುತ್ತದೆ, ಎಲ್ಲಿ ಸಾಲದಾಗುತ್ತದೆ ಎಂಬುದು ಕಾಣುತ್ತದೆ. ಗೋಲ ನೀಲಿಯಾದಾಗ ಆ ನೀಲಿ ಅವಳ ಮುಖದ ಮೇಲೂ ಮೂಡುತ್ತದೆ. ಸದಾ ಹೊಳೆಯುವವಳ ಮುಖದ ಮೇಲೆ ದುಃಖದ ಬಣ್ಣ ಬೀಳುವ ಆ ಒಂದು ಕ್ಷಣಕ್ಕಾಗಿಯೇ ಈ ಪರದೆಯನ್ನು ಕೊಂಡದ್ದು ಸಾರ್ಥಕವಾಯಿತು ಎಂದು ನನಗೆ ಅನ್ನಿಸಿದೆ.

ಇದೇ ಗುಣ 1988ರ ‘ಅಕಿರಾ’ದ ರಾತ್ರಿಗಳಲ್ಲಿ, ಕತ್ತಲ ರಸ್ತೆಯ ಮೇಲೆ ಬೈಕುಗಳ ಹಿಂಬದಿಯ ದೀಪಗಳು ಎಳೆಯುವ ಕೆಂಪು ಗೆರೆಗಳಲ್ಲಿ, ಮತ್ತು 2017ರ ‘ಕೋಕೋ’ ಚಿತ್ರದಲ್ಲಿ ಸತ್ತವರ ಲೋಕ ಮೊದಲ ಬಾರಿ ತೆರೆದುಕೊಳ್ಳುವಾಗ ಕಾಣುವ ಲೆಕ್ಕವಿಲ್ಲದಷ್ಟು ದೀಪಗಳಲ್ಲಿ ಎದ್ದು ಕಾಣುತ್ತದೆ. ಒಂದೊಂದು ದೀಪವೂ ತನ್ನ ಜಾಗದಲ್ಲೇ ನಿಲ್ಲುತ್ತದೆ.

ಗೆರೆಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೈಯಿಂದ ಬಿಡಿಸಿದ ಚಿತ್ರಗಳಲ್ಲಿ ಗೆರೆಗೂ ಬಣ್ಣವಿದೆ ಎಂಬುದನ್ನು ಟಿ.ವಿ. ಮಾಡುವವರು ಮರೆತಂತಿದೆ. ಇಸಾವೊ ತಕಾಹಾತಾ ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ (1988) ಚಿತ್ರದಲ್ಲಿ ಪಾತ್ರಗಳ ಅಂಚಿನ ಗೆರೆಗಳು ವಾಡಿಕೆಯ ಕಪ್ಪಿನಲ್ಲಿಲ್ಲ, ಬಹುಪಾಲು ಕಂದುಬಣ್ಣದಲ್ಲಿವೆ. ಅದರ ಬಣ್ಣಗಳನ್ನು ನೋಡಿಕೊಂಡವರು ಮಿಚಿಯೊ ಯಸುದಾ. ಕಪ್ಪು ಗೆರೆ ಪಾತ್ರವನ್ನು ಹಿನ್ನೆಲೆಯಿಂದ ಕತ್ತರಿಸಿ ಮುಂದೆ ನಿಲ್ಲಿಸುತ್ತದೆ. ಕಂದು ಗೆರೆ ಹಾಗೆ ಕತ್ತರಿಸುವುದಿಲ್ಲ, ಮಕ್ಕಳಿಬ್ಬರೂ ತಮ್ಮ ಸುತ್ತಲಿನ ಮಣ್ಣು, ಹುಲ್ಲು, ಹೊಗೆಯೊಳಗೇ ಸೇರಿಹೋದಂತೆ ಕಾಣುತ್ತಾರೆ. ಯುದ್ಧ ಅವರನ್ನು ನಿಧಾನವಾಗಿ ಅಳಿಸಿಹಾಕುವ ಕಥೆಗೆ ಇಷ್ಟು ಮೆತ್ತನೆಯ ಅಂಚು ಎಷ್ಟು ಒಪ್ಪುತ್ತದೆ ಎಂಬುದನ್ನು ಪದಗಳಲ್ಲಿ ಹೇಳುವುದು ಕಷ್ಟ. ಟಿ.ವಿ.ಯ ಶಾರ್ಪ್‌ನೆಸ್ ಎಂಬ ಸೆಟ್ಟಿಂಗ್ ಏರಿಸಿದ್ದಾಗ ಇದೇ ಗೆರೆಯ ಎರಡೂ ಬದಿಗೆ ತೆಳುವಾದ ಬಿಳಿ ಅಂಚು ಹುಟ್ಟಿಕೊಂಡಿತ್ತು, ಕಂದು ಹೆಚ್ಚುಕಡಿಮೆ ಕಪ್ಪಾಗಿತ್ತು, ಮಕ್ಕಳು ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿದ್ದರು. ಫಿಲ್ಮ್‌ಮೇಕರ್ ಮೋಡ್ ಶಾರ್ಪ್‌ನೆಸ್‌ನ ಈ ಅತಿರೇಕವನ್ನು ತೆಗೆದ ಮೇಲೆ ಗೆರೆ ತನ್ನ ಮೃದುತ್ವಕ್ಕೆ ಮರಳಿತು. ಸೊಳ್ಳೆಪರದೆಯೊಳಗೆ ಮಿಂಚುಹುಳುಗಳನ್ನು ಬಿಟ್ಟು ಅಣ್ಣ-ತಂಗಿ ಅದರ ಬೆಳಕಿನಲ್ಲಿ ಮಲಗುವ ರಾತ್ರಿಯ ದೃಶ್ಯ ಈ ಟಿ.ವಿ.ಯಲ್ಲಿ ನಾನು ನೋಡಿದವುಗಳಲ್ಲೆಲ್ಲ ಅತ್ಯಂತ ಸೊಗಸಾದದ್ದು. ಅದೇ ಚಿತ್ರದಲ್ಲಿ ಸತ್ತ ಮೇಲಿನ ಮಕ್ಕಳು ಕಾಣಿಸಿಕೊಳ್ಳುವ ಕಡೆಗಳಲ್ಲೆಲ್ಲ ಮುಸುಕುವ ಕೆಂಪು ಕೂಡ ಇಲ್ಲಿ ಬೆಂಕಿಯಂತೆ ಉರಿಯುವುದಿಲ್ಲ, ಆರುತ್ತಿರುವ ಕೆಂಡದಂತೆ ಮಂದವಾಗಿರುತ್ತದೆ.

ಚಲನೆಯನ್ನು ನುಣ್ಣಗಾಗಿಸುವ ಮೋಷನ್ ಸ್ಮೂದಿಂಗ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ; ನಿಲ್ಲಿಸಿಬಿಡಿ. ಕೈಚಿತ್ರಗಳಲ್ಲಿ ಅನೇಕ ವೇಳೆ ಸೆಕೆಂಡಿಗೆ 24 ಚೌಕಟ್ಟುಗಳಿದ್ದರೂ ಹೊಸ ಚಿತ್ರಗಳು ಹನ್ನೆರಡೇ ಇರುತ್ತವೆ, ಪ್ರತಿ ಚಿತ್ರವೂ ಎರಡು ಚೌಕಟ್ಟು ನಿಲ್ಲುತ್ತದೆ. ನಡುವೆ ಟಿ.ವಿ. ತಾನೇ ಊಹಿಸಿ ತುಂಬುವ ಚೌಕಟ್ಟುಗಳಲ್ಲಿ ಬಣ್ಣದ ಅಂಚುಗಳು ಕಲಸಿಹೋಗುತ್ತವೆ. ಹಾಗೆಯೇ 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ ಚಿತ್ರದಲ್ಲಿ ಅಚ್ಚಾದ ಕಾಮಿಕ್ ಪುಸ್ತಕದ ಚುಕ್ಕೆಗಳಿಂದ ನೆರಳು-ಬೆಳಕನ್ನು ಕಟ್ಟಿದ್ದಾರೆ, ನಾಯ್ಸ್ ರಿಡಕ್ಷನ್ ಎಂಬ ಸೆಟ್ಟಿಂಗ್ ಆ ಚುಕ್ಕೆಗಳನ್ನೇ ಕಸವೆಂದು ಭಾವಿಸಿ ಒರೆಸುತ್ತದೆ. ಅದನ್ನೂ ನಿಲ್ಲಿಸಬೇಕು.

ಈಗ ಕೊರತೆಗಳು. ಮೊದಲನೆಯದು ಹಿಮ. ಓಎಲ್‌ಇಡಿಯಲ್ಲಿ ಉರಿಯುವ ಚುಕ್ಕೆಗಳು ಹೆಚ್ಚಿದಷ್ಟೂ ವಿದ್ಯುತ್ ಬಳಕೆಯೂ ಕಾವೂ ಹೆಚ್ಚುತ್ತವೆ. ಆದ್ದರಿಂದ ಇಡೀ ಪರದೆ ಬಿಳಿಯಾದಾಗ ಟಿ.ವಿ. ತಾನಾಗಿ ಪ್ರಕಾಶವನ್ನು ತಗ್ಗಿಸುತ್ತದೆ. ಕತ್ತಲಲ್ಲಿ ಒಂದು ಕಿಡಿಗೆ ಕೊಡುವ ಹೊಳಪನ್ನು ಬಯಲು ತುಂಬಿದ ಹಿಮಕ್ಕೆ ಕೊಡಲಾರದು. ಎಚ್‌ಡಿಆರ್ ಆವೃತ್ತಿಗಳಲ್ಲಿ, ಎಂದರೆ ಹೊಳಪಿಗೂ ಕತ್ತಲಿಗೂ ಹೆಚ್ಚಿನ ಅಂತರ ಇರುವಂತೆ ಸಿದ್ಧಪಡಿಸಿದ ಆವೃತ್ತಿಗಳಲ್ಲಿ, ಇದು ಎದ್ದು ಕಾಣುತ್ತದೆ. 2019ರ ‘ಕ್ಲೌಸ್’ ಚಿತ್ರವನ್ನೇ ತೆಗೆದುಕೊಳ್ಳಿ. ಕೈಯಿಂದ ಬಿಡಿಸಿದ ಪಾತ್ರಗಳ ಮೇಲೆ ಮೂರು ಆಯಾಮದ್ದೆನ್ನಿಸುವ ಬೆಳಕನ್ನು ಹರಿಸಿದ ಸೊಗಸಾದ ಕೆಲಸ ಅದು. ಜಗಳಗಂಟ ಊರೊಂದು ಬೂದು-ನೀಲಿಯ ಚಳಿಯಿಂದ ಹೊರಟು ಕಥೆ ಮುಂದುವರಿದಂತೆ ದೀಪದ ಬೆಚ್ಚನೆಯ ಬಣ್ಣಕ್ಕೆ ಬರುತ್ತದೆ. ಚಳಿಯ ಮಬ್ಬು ಈ ಟಿ.ವಿ.ಯಲ್ಲಿ ಚೆನ್ನಾಗಿಯೇ ಬರುತ್ತದೆ. ಬಿಸಿಲು ಬಿದ್ದ ಹಿಮದ ಬಯಲಿನಲ್ಲಿ ಮಾತ್ರ ಕಣ್ಣು ಕಿರಿದಾಗಬೇಕಾದಷ್ಟು ಬೆಳಕಿರುವುದಿಲ್ಲ. ಇಂಥ ದೃಶ್ಯಗಳಲ್ಲಿ ಒಳ್ಳೆಯ ಎಲ್‌ಸಿಡಿ ಪರದೆಯೇ ಮೇಲು ಎಂದು ಒಪ್ಪಿಕೊಳ್ಳಬೇಕು. 1942ರ ‘ಬ್ಯಾಂಬಿ’ಯಲ್ಲಿ ತಾಯಿಯನ್ನು ಕಳೆದುಕೊಂಡ ಮರಿ ಹಿಮ ಸುರಿಯುವ ಕಾಡಿನಲ್ಲಿ ಕೂಗುತ್ತ ಅಲೆಯುವ ದೃಶ್ಯಕ್ಕೆ ಮಾತ್ರ ಈ ಮಿತಿ ತಟ್ಟಲಿಲ್ಲ. ಟೈರಸ್ ವಾಂಗ್ ಅವರ ವರ್ಣಚಿತ್ರಗಳಿಂದ ಪ್ರೇರಣೆ ಪಡೆದ ಆ ಹಿನ್ನೆಲೆಗಳಲ್ಲಿ ಮರಗಳು ಗೆರೆಯಾಗಿ ಅಲ್ಲಲ್ಲಿ ಮೂಡಿ ಉಳಿದೆಡೆ ಮಂಜಿನಲ್ಲಿ ಕರಗುತ್ತವೆ, ಅಲ್ಲಿನ ಹಿಮದ್ದೂ ಹೊಳೆಯುವ ಬಿಳಿಯಲ್ಲ.

ಎರಡನೆಯ ಕೊರತೆ ಟಿ.ವಿ.ಯದು ಎನ್ನುವುದಕ್ಕಿಂತ ನಾವು ಚಿತ್ರ ಪಡೆಯುವ ದಾರಿಯದು. ಸಾಮಾನ್ಯ ಆವೃತ್ತಿಯಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳಿರುತ್ತವೆ, ಎಚ್‌ಡಿಆರ್‌ನ 10 ಬಿಟ್ ಆವೃತ್ತಿಯಲ್ಲಿ 1024. ಲೆಕ್ಕದಲ್ಲಿ ಇದು 1.67 ಕೋಟಿ ಬಣ್ಣಗಳಿಗೂ 107 ಕೋಟಿ ಬಣ್ಣಗಳಿಗೂ ಇರುವ ಅಂತರ. ನೋಡುವಾಗ ಇದು ತಿಳಿಯುವುದು ಆಕಾಶದಲ್ಲಿ. ಅನಿಮೇಷನ್ ಚಿತ್ರದ ಆಕಾಶಗಳು ಬಹಳ ಸಲ ಒಂದು ಬಣ್ಣದಿಂದ ಇನ್ನೊಂದಕ್ಕೆ ನಿಧಾನವಾಗಿ ಜಾರುವ ಶುದ್ಧ ಮೇಲ್ಮೈಗಳು. ಮೆಟ್ಟಿಲು ಸಾಲದಿದ್ದಾಗ ಮುಸ್ಸಂಜೆಯ ಆಕಾಶದಲ್ಲಿ ಪಟ್ಟೆಗಳೇಳುತ್ತವೆ, ಪ್ರಶಾಂತವಾಗಿರಬೇಕಾದ ದೃಶ್ಯದಲ್ಲಿ ಕಣ್ಣು ಆ ಪಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಇಂಟರ್‌ನೆಟ್ ಮೂಲಕ ಬರುವ ಚಿತ್ರವನ್ನು ಬಹಳ ಕುಗ್ಗಿಸಿ ಕಳಿಸುವುದರಿಂದ ಕತ್ತಲ ಮೂಲೆಗಳಲ್ಲಿ ಚೌಕ ಚೌಕವಾದ ತೇಪೆಗಳು ಕಾಣುವುದೂ ಉಂಟು. ಕಪ್ಪನ್ನು ಇಷ್ಟು ನಿಖರವಾಗಿ ತೋರಿಸುವ ಪರದೆ ಈ ತೇಪೆಗಳನ್ನೂ ಅಷ್ಟೇ ನಿಖರವಾಗಿ ತೋರಿಸುತ್ತದೆ. ಮೆಚ್ಚಿನ ಚಿತ್ರಗಳನ್ನಾದರೂ ಡಿಸ್ಕ್‌ನಲ್ಲಿ ನೋಡುವುದು ಲೇಸು.

ಕೋಣೆಯ ಬೆಳಕೂ ಲೆಕ್ಕಕ್ಕೆ ಬರುತ್ತದೆ. ಚಿತ್ರಮಂದಿರದ ಪರದೆಯ ಬಿಳಿಯ ಪ್ರಕಾಶ ಸುಮಾರು 48 ನಿಟ್ (ನಿಟ್ ಎಂದರೆ ಪರದೆಯ ಪ್ರಕಾಶದ ಅಳತೆ), ಮನೆಗೆ ಬರುವ ಸಾಮಾನ್ಯ ಆವೃತ್ತಿಗೆ ಬಣ್ಣ ಹೊಂದಿಸುವುದು 100 ನಿಟ್‌ನ ಪರದೆಯ ಮೇಲೆ. ಇಷ್ಟು ಕಡಿಮೆ ಬೆಳಕು ಸಾಕಾಗಬೇಕಾದರೆ ಸುತ್ತ ಕತ್ತಲಿರಬೇಕು. ಹಗಲಿನಲ್ಲಿ ಕಿಟಕಿ ತೆರೆದು ಫಿಲ್ಮ್‌ಮೇಕರ್ ಮೋಡ್‌ನಲ್ಲಿ ನೋಡಿದರೆ ನೆರಳಿನೊಳಗಿನ ಬಣ್ಣಗಳೆಲ್ಲ ಮುಚ್ಚಿಹೋಗುತ್ತವೆ, ಹೊಳಪಾದ ಗಾಜಿನಲ್ಲಿ ನಮ್ಮದೇ ಮುಖ ಕಾಣುತ್ತದೆ. ಕಿಟಕಿಯ ಪರದೆ ಎಳೆದು, ಟಿ.ವಿ.ಯ ಹಿಂದೆ ಹಗಲಿನ ಬಿಳಿಗೆ ಹತ್ತಿರದ ಮಂದ ದೀಪವೊಂದನ್ನಿಟ್ಟ ಮೇಲೆ ನನಗೆ ಕಣ್ಣಿನ ಆಯಾಸವೂ ಕಡಿಮೆಯಾಯಿತು. ಹಗಲಿನಲ್ಲಿಯೇ ಹೆಚ್ಚಾಗಿ ಟಿ.ವಿ. ನೋಡುವವರಿಗೆ ಈ ಟಿ.ವಿ.ಯನ್ನು ಕೊಳ್ಳಿರೆಂದು ನಾನು ಹೇಳಲಾರೆ.

ನನಗೆ ನಿಜವಾಗಿ ನೋವಾದ ಸಂಗತಿ ಕೊನೆಯದು. ನಾಲ್ಕನೆಯ ತಿಂಗಳಲ್ಲಿ ಬಂದ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ನನ್ನ ಎಲ್ಲ ಸೆಟ್ಟಿಂಗ್‌ಗಳನ್ನೂ ಅಳಿಸಿ, ಟಿ.ವಿ.ಯನ್ನು ಮತ್ತೆ ವಿವಿಡ್ ಮೋಡ್‌ಗೆ ಒಯ್ದಿತ್ತು. ಗೊತ್ತಾದದ್ದು ಚಿತ್ರವೊಂದರ ಅರ್ಧ ನೋಡಿದ ಮೇಲೆ. ಆ ಚಿತ್ರವನ್ನು ಮೊದಲ ಬಾರಿ ನೋಡುತ್ತಿದ್ದೆ, ಅದರ ಮೊದಲರ್ಧದ ಬಣ್ಣ ಹೇಗಿರಬೇಕಿತ್ತು ಎಂಬ ಮೊದಲ ಅನುಭವ ನನಗೆ ಇನ್ನು ಸಿಗುವುದಿಲ್ಲ. ಗ್ರಾಹಕ ಸೇವೆಗೆ ಕರೆ ಮಾಡಿದಾಗ ಉತ್ತರಿಸಿದವರು ಸೌಜನ್ಯದಿಂದ ಮಾತನಾಡಿದರು, ಆದರೆ ಬಣ್ಣ ಹೆಚ್ಚಾದದ್ದು ಹೇಗೆ ತೊಂದರೆಯಾಗುತ್ತದೆ ಎಂಬುದನ್ನು ಅವರಿಗೆ ಮನದಟ್ಟು ಮಾಡಿಸಲು ನನ್ನಿಂದ ಆಗಲಿಲ್ಲ. ಇದಲ್ಲದೆ ಡಿಸ್ಕ್ ಪ್ಲೇಯರ್‌ಗೆ ಒಂದು, ಟಿ.ವಿ.ಯೊಳಗಿನ ಆ್ಯಪ್‌ಗಳಿಗೆ ಇನ್ನೊಂದು, ಎಚ್‌ಡಿಆರ್‌ಗೆ ಮತ್ತೊಂದು ಎಂದು ಮೋಡ್‌ಗಳನ್ನು ಬೇರೆ ಬೇರೆಯಾಗಿಯೇ ಹೊಂದಿಸಬೇಕು. ಕೈಪಿಡಿಯಲ್ಲಿ ಇದರ ವಿವರವಿಲ್ಲ.

ಕತ್ತಲಾದ ಮೇಲೆ, ದೀಪ ತಗ್ಗಿಸಿ, ಚಿತ್ರಕ್ಕಾಗಿಯೇ ಸಮಯ ಮೀಸಲಿಟ್ಟು ಕೂರುವವರಿಗೆ ನಾನು ಈ ಟಿ.ವಿ.ಯನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಪರದೆಯ ದೋಷಕ್ಕಾಗಿ ಅಲ್ಲ, ಅದನ್ನು ವಿವಿಡ್ ಮೋಡ್‌ನಲ್ಲಿ ಕಳಿಸುವ ಮತ್ತು ಕೇಳದೆಯೇ ಅಲ್ಲಿಗೆ ಹಿಂದಿರುಗಿಸುವ ರೂಢಿಗಾಗಿ. ಕೊಂಡವರು ಮೊದಲ ದಿನವೇ ಮೋಡ್ ಬದಲಿಸಿ, ತಾನಾಗಿ ಅಪ್‌ಡೇಟ್ ಆಗುವ ಆಯ್ಕೆಯನ್ನು ನಿಲ್ಲಿಸಿ, ತಮ್ಮ ಸೆಟ್ಟಿಂಗ್‌ಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ನನ್ನ ಹಾಳೆಯನ್ನು ಟಿ.ವಿ.ಯ ಹಿಂಬದಿಗೆ ಅಂಟಿಸಿದ್ದೇನೆ.